ಚಿಕ್ಕವ್ವನ ಚೀಟಿ: ಎಚ್‌ಪಿವಿ ಯಾರಿಗೆ ತಗಲುತ್ತದೆ, ಯಾಕೆ ತಗಲುತ್ತದೆ?

ಚಿಕ್ಕವಳಿದ್ದಾಗ ನನ್ನ ಹೆಬ್ಬೆರಳಿನ ಪಕ್ಕ ಒಂದು ನರಹುಲಿ ಎದ್ದಿತ್ತು. ಅಜ್ಜಿ ಅದಕ್ಕೆ ಕುದುರೆ ಬಾಲದ ಕೂದಲು ಕಟ್ಟಿಸಿದಳು. ಅದೂ ಸಾಲದು ಅಂತ ನಂಜನಗೂಡಿಗೆ ಕರೆದುಕೊಂಡು ಹೋಗಿ ಕಪಿಲೆಗೆ ಬೆಲ್ಲ ಹಾಕಿಸಿದಳು. ಬೆಲ್ಲ ನೀರಲ್ಲಿ ಕರಗಿದ ಹಾಗೆ ನರಹುಲಿಯೂ ಕರಗುತ್ತೆ ಅನ್ನೋದು ಅವಳ ನಂಬಿಕೆ. ಒಂದು ವರ್ಷದೊಳಗೆ ಅದು ನಿಜಕ್ಕೂ ಹೋಯಿತು. ಹೆಸರು ನಂಜುಂಡನಿಗೆ ಬಂತು.

ನಿಜ ಏನೆಂದರೆ ನರಹುಲಿ ಬರುವುದು ಒಂದು ವೈರಸ್ಸಿನಿಂದ. ಹೆಚ್ಚಿನ ಸಲ ಮೈಯೇ ಅದನ್ನು ಗುರುತು ಹಿಡಿದು ಓಡಿಸುತ್ತದೆ. ಅದಕ್ಕೆ ಒಂದೆರಡು ವರ್ಷ ಬೇಕು, ಅಷ್ಟೆ. ಅಷ್ಟರಲ್ಲಿ ನಾವು ಕೂದಲು ಕಟ್ಟಿರುತ್ತೇವೆ, ಬೆಲ್ಲ ಹಾಕಿರುತ್ತೇವೆ, ಸುಣ್ಣ ಹಚ್ಚಿರುತ್ತೇವೆ. ಕೊನೆಗೆ ಮಾಡಿದ್ದು ಯಾವುದೋ ಅದಕ್ಕೆ ಕೀರ್ತಿ.

ಆ ವೈರಸ್ಸಿನ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್. ಚಿಕ್ಕದಾಗಿ ಎಚ್‌ಪಿವಿ. ಹೆಸರು ಒಂದೇ ಆದರೂ ಇದು ದೊಡ್ಡ ಕುಟುಂಬ. 200ಕ್ಕೂ ಹೆಚ್ಚು ಬಗೆಗಳಿವೆ, ಒಂದೊಂದಕ್ಕೂ ಒಂದೊಂದು ನಂಬರ್. ಕೈಕಾಲಿನ ಮೇಲೆ ನರಹುಲಿ ಎಬ್ಬಿಸುವ ಪಾಪದ ಬಗೆಗಳು ಬೇರೆ. ಗುಪ್ತಾಂಗದ ಚರ್ಮ ಮತ್ತು ಒಳಪೊರೆಯಲ್ಲಿ ಕೂರುವ ಸುಮಾರು 40 ಬಗೆಗಳು ಬೇರೆ. ಈ ನಲವತ್ತು ಲೈಂಗಿಕ ಸಂಪರ್ಕದಿಂದ ಹರಡುತ್ತವೆ. ಅವುಗಳಲ್ಲಿ ಹನ್ನೆರಡೋ ಹದಿನಾಲ್ಕೋ ಬಗೆಗಳು ಮಾತ್ರ ಕೆಟ್ಟವು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವುದು ಅವೇ. ಅದರಲ್ಲೂ 16 ಮತ್ತು 18ನೇ ನಂಬರಿನವು ಸೇರಿ ಪ್ರಪಂಚದ ಇಂಥ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಕಾರಣ. 6 ಮತ್ತು 11 ಕ್ಯಾನ್ಸರ್ ತರುವುದಿಲ್ಲ, ಗುಪ್ತಾಂಗದಲ್ಲಿ ನರಹುಲಿ ತರುತ್ತವೆ.

ಈ ನಂಬರುಗಳೆಲ್ಲ ನನಗೆ ಬಾಯಿಪಾಠ ಆಗಿದ್ದು ನನ್ನ ಚಿಕ್ಕವ್ವನಿಂದ. ಮಂಡ್ಯದ ಕಡೆಯ ಹಳ್ಳಿಯವಳು, ವಯಸ್ಸು 46. ಊರಿಗೆ ಬಂದ ಒಂದು ಆರೋಗ್ಯ ಶಿಬಿರದಲ್ಲಿ ಪರೀಕ್ಷೆ ಮಾಡಿಸಿಕೊಂಡಿದ್ದಳು. ಕೆಲವು ವಾರ ಬಿಟ್ಟು ಕೈಗೆ ಒಂದು ಚೀಟಿ ಬಂತು. 'ಎಚ್‌ಪಿವಿ ಪಾಸಿಟಿವ್' ಅಂತ ಬರೆದಿತ್ತು. ಕೊಟ್ಟವರು ಬೇರೇನೂ ಬಿಡಿಸಿ ಹೇಳಲಿಲ್ಲ. ಅವಳು ಯಾರಿಗೂ ಹೇಳದೆ ರೈಲು ಹತ್ತಿ ಮೈಸೂರಿಗೆ, ನಮ್ಮ ಮನೆಗೆ ಬಂದಳು. ಕಾಫಿ ಕುಡಿಯಲಿಲ್ಲ. ಅಡುಗೆಮನೆಯಲ್ಲಿ ನಿಂತೇ ಕೇಳಿದಳು:

"ಇದು ಆ ತರದೋರಿಗೆ ಬರೋದಲ್ವೇನವ್ವ? ನಂಗ್ಯಾಕ್ ಬಂತು?"

ಈ ಲೇಖನ ಆ ಪ್ರಶ್ನೆಗೆ ಉತ್ತರ. ಹೆಸರು ಹಾಕಬೇಡ, ಮಿಕ್ಕಿದ್ದು ಬರಿ ಅಂತ ಅವಳೇ ಹೇಳಿದ್ದಾಳೆ.

ಮೊದಲು, ಹೇಗೆ ತಗಲುತ್ತೆ

ಎಚ್‌ಐವಿ ಅಂದರೆ ರಕ್ತ, ಸೂಜಿ, ವೀರ್ಯ ಅಂತ ನಮಗೆಲ್ಲ ಗೊತ್ತು. ಅದೇ ಲೆಕ್ಕವನ್ನು ಇಲ್ಲಿಗೂ ಹಾಕಿಬಿಡುತ್ತೇವೆ. ಎಚ್‌ಪಿವಿಯ ದಾರಿ ಬೇರೆ. ಇದು ರಕ್ತಕ್ಕೆ ಇಳಿಯುವುದಿಲ್ಲ. ಚರ್ಮದಿಂದ ಚರ್ಮಕ್ಕೆ, ಒಳಪೊರೆಯಿಂದ ಒಳಪೊರೆಗೆ ದಾಟುತ್ತದೆ.

ಸಂಭೋಗದ ಹೊತ್ತಿನಲ್ಲಿ ಕಣ್ಣಿಗೆ ಕಾಣದ, ನೋವೂ ಆಗದ ಸಣ್ಣ ಸಣ್ಣ ತರಚುಗಳು ಆಗುತ್ತವೆ. ವೈರಸ್ ಆ ಸಂದಿಯಲ್ಲಿ ನುಗ್ಗಿ ಚರ್ಮದ ತಳದ ಪದರಕ್ಕೆ ಹೋಗಿ ಕೂರುತ್ತದೆ. ತಳದ ಜೀವಕಣಗಳು ಬೆಳೆಯುತ್ತಾ ಮೇಲಕ್ಕೆ ಬರುವುದು, ಕೊನೆಗೆ ಉದುರುವುದು ಚರ್ಮದ ಮಾಮೂಲಿ ಕೆಲಸ. ವೈರಸ್ ಅವುಗಳ ಜೊತೆಗೇ ಸವಾರಿ ಮಾಡಿ ಮೇಲೆ ಬರುತ್ತದೆ, ಉದುರುವ ಕಣಗಳ ಜೊತೆ ಇನ್ನೊಬ್ಬರಿಗೆ ಅಂಟುತ್ತದೆ. ಎಲ್ಲೂ ಉರಿ ಇಲ್ಲ, ಕೀವಿಲ್ಲ, ಜ್ವರ ಇಲ್ಲ. ಯಾವ ಗಲಾಟೆಯೂ ಇಲ್ಲದ್ದರಿಂದ ಮೈಯ ಕಾವಲುಗಾರರಿಗೂ ಬೇಗ ಸುಳಿವು ಸಿಗುವುದಿಲ್ಲ.

ಹಾಗಾಗಿ ತಗಲಿದವರಿಗೇ ಗೊತ್ತಿರುವುದಿಲ್ಲ. ಕೊಟ್ಟವರಿಗೂ ಗೊತ್ತಿರುವುದಿಲ್ಲ. ಬಿಳಿ ಹೋಗುವುದು, ಕೆರೆತ, ಉರಿಮೂತ್ರ ಇವೆಲ್ಲ ಬೇರೆ ಸೋಂಕುಗಳ ಲಕ್ಷಣ, ಇದರದ್ದಲ್ಲ.

ಇನ್ನೊಂದು ವಿಷಯ. ಪೂರ್ತಿ ಸಂಭೋಗವೇ ಆಗಬೇಕು ಅಂತಿಲ್ಲ. ಗುಪ್ತಾಂಗಗಳು ಒಂದಕ್ಕೊಂದು ತಾಗಿದರೂ ದಾಟಬಹುದು. ಬಾಯಿಂದ, ಗುದದ್ವಾರದಿಂದ ನಡೆಯುವ ಸಂಪರ್ಕದಲ್ಲೂ ದಾಟುತ್ತದೆ. ಗಂಟಲಿನ ಕೆಲವು ಕ್ಯಾನ್ಸರ್‌ಗಳ ಹಿಂದೆ ಇದೇ 16ನೇ ನಂಬರಿನವನು ಇದ್ದಾನೆ. ಆದರೆ ಬಸ್ ಸ್ಟ್ಯಾಂಡಿನ ಶೌಚಾಲಯ, ಒಂದೇ ಟವೆಲ್ಲು, ಒಂದೇ ಲೋಟ, ಈಜುಕೊಳ ಇವುಗಳ ಮೇಲೆ ತಪ್ಪು ಹೊರಿಸುವುದು ಬೇಡ. ಚಿಕ್ಕವ್ವ ಮೊದಲು ಹೇಳಿದ್ದೇ ಇದನ್ನು: "ಆಸ್ಪತ್ರೆ ಕಕ್ಕಸ್‌ಗೆ ಹೋಗಿದ್ದೆ, ಅಲ್ಲೇ ಅಂಟ್ಕಂಡಿರ್ಬೇಕು." ಕೇಳುವುದಕ್ಕೆ ಎಷ್ಟು ಸಮಾಧಾನದ ಉತ್ತರ, ಅಲ್ವಾ? ಸರಿಯಲ್ಲ, ಅಷ್ಟೆ.

ಮೇಲ್ಗದ್ದೆಯ ನೀರು

ಈಗ ಮುಖ್ಯ ಮಾತಿಗೆ ಬರೋಣ. ಯಾವ ಆಸ್ಪತ್ರೆಯ ಗೋಡೆಯ ಮೇಲೆ, ಯಾವ ಕರಪತ್ರದಲ್ಲಿ ನೋಡಿದರೂ ಅಪಾಯದ ಪಟ್ಟಿಯ ಮೊದಲ ಸಾಲು ಒಂದೇ: 'ಹಲವರೊಂದಿಗೆ ಲೈಂಗಿಕ ಸಂಬಂಧ.' ಸುಳ್ಳಲ್ಲ. ಸಂಗಾತಿಗಳ ಸಂಖ್ಯೆ ಹೆಚ್ಚಾದಷ್ಟೂ ವೈರಸ್ ಎದುರಾಗುವ ಸಾಧ್ಯತೆ ಹೆಚ್ಚು. ಹೊಸ ಸಂಗಾತಿ ಬಂದ ಹೊಸತರಲ್ಲಿ ಇನ್ನೂ ಹೆಚ್ಚು. ಆದರೆ ನಮ್ಮ ಊರುಗಳಲ್ಲಿ ಈ ಸಾಲು ಒಂದು ಅನಾಹುತ ಮಾಡುತ್ತದೆ. ಓದಿದ ಹೆಂಗಸು 'ಹಾಗಾದ್ರೆ ಇದು ನನ್ನ ವಿಷಯ ಅಲ್ಲ' ಅಂತ ಮುಂದೆ ಹೋಗಿಬಿಡುತ್ತಾಳೆ. ಪರೀಕ್ಷೆಗೆ ಕರೆದರೆ ಅವಮಾನ ಆಯಿತು ಅಂದುಕೊಳ್ಳುತ್ತಾಳೆ. ಪಟ್ಟಿ ನಡತೆಯ ಸರ್ಟಿಫಿಕೇಟ್ ಆಗಿಬಿಡುತ್ತದೆ.

ನಾನು ಚಿಕ್ಕವ್ವನಿಗೆ ನಾಲೆಯ ಲೆಕ್ಕ ಹೇಳಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದವಳಿಗೆ ಅದಕ್ಕಿಂತ ಸುಲಭದ ಲೆಕ್ಕ ಇಲ್ಲ. ನಿನ್ನ ಗದ್ದೆಯನ್ನು ನೀನು ಎಷ್ಟೇ ಚೊಕ್ಕಟವಾಗಿ ಇಟ್ಟುಕೋ. ನೀರು ಬರುವುದು ಮೇಲ್ಗದ್ದೆಯಿಂದ. ಅಲ್ಲಿ ಯಾವ ಕಳೆ ಬೀಜ ಬಿದ್ದಿತ್ತೋ ಅದು ತೇಲಿಕೊಂಡು ನಿನ್ನ ಪಾತಿಗೂ ಬರುತ್ತದೆ. ಮೇಲ್ಗದ್ದೆಗೆ ಅದರ ಮೇಲಿನದ್ದರಿಂದ ಬಂದಿರುತ್ತದೆ. ಕಳೆ ಹುಟ್ಟಿದ ಮಾತ್ರಕ್ಕೆ ನೀನು ಸೋಮಾರಿ ಅಂತ ಯಾರಾದರೂ ಅಂದರೆ ನೀನು ಬಿಡುತ್ತೀಯಾ?

ಅಂದರೆ ನೋಡಬೇಕಾದ್ದು ನಿಮ್ಮ ಸಂಗಾತಿಗಳ ಸಂಖ್ಯೆ ಒಂದನ್ನೇ ಅಲ್ಲ. ನಿಮ್ಮ ಸಂಗಾತಿಗೆ ಮೊದಲು ಎಷ್ಟು ಸಂಗಾತಿಗಳಿದ್ದರು ಅನ್ನೋದು, ಅವರಿಗೆ ಎಷ್ಟು ಅನ್ನೋದು. ಜೀವಮಾನದಲ್ಲಿ ಒಬ್ಬನೇ ಗಂಡಸನ್ನು ಕಂಡ ಹೆಂಗಸಿನ ಅಪಾಯ ಹೆಚ್ಚುಕಡಿಮೆ ಪೂರ್ತಿಯಾಗಿ ಆ ಒಬ್ಬನ ಹಿಂದಿನ ಕಥೆಯ ಮೇಲೆ ನಿಂತಿದೆ. 1993ರಲ್ಲಿ ದೆಹಲಿಯ ಸಂಶೋಧಕರು ಇದನ್ನೇ ಹುಡುಕಿದ್ದರು. ಗಂಡ ಒಬ್ಬನೇ ಸಂಗಾತಿ ಆಗಿದ್ದ ಹೆಂಗಸರನ್ನು ಮಾತ್ರ ಆರಿಸಿಕೊಂಡು ನೋಡಿದರು. ಗಂಡನಿಗೆ ಮದುವೆಗೆ ಮುಂಚೆಯೋ ಆಮೇಲೆಯೋ ಬೇರೆ ಸಂಬಂಧ ಇದ್ದ ಕಡೆ ಹೆಂಡತಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ ಇತ್ತು.

ಒಬ್ಬನೇ ಸಂಗಾತಿ ಅಂದರೆ ಅಪಾಯ ಎಷ್ಟು ಕಡಿಮೆ? ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿನಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಮೊದಲ ಸಂಗಾತಿಯ ಜೊತೆ ಮಾತ್ರ ಇದ್ದ ಹುಡುಗಿಯರಲ್ಲೂ ಒಂದು ವರ್ಷದೊಳಗೆ ನೂರಕ್ಕೆ ಸುಮಾರು 28 ಮಂದಿಗೆ ಎಚ್‌ಪಿವಿ ತಗಲಿತ್ತು. ಮೂರು ವರ್ಷ ತುಂಬುವ ಹೊತ್ತಿಗೆ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ. ಅಲ್ಲಿನ ಬದುಕು ಬೇರೆ, ನಮ್ಮ ಮದುವೆಗಳು ಬೇರೆ, ಒಪ್ಪಿದೆ. ಆದರೆ ವೈರಸ್ ಎಷ್ಟು ಸಲೀಸಾಗಿ ದಾಟುತ್ತೆ ಅನ್ನೋದು ಇದರಿಂದ ಗೊತ್ತಾಗುತ್ತದೆ. ಲೈಂಗಿಕ ಬದುಕು ಶುರು ಮಾಡಿದ ಹೆಚ್ಚಿನವರಿಗೆ, ಗಂಡಾಗಲಿ ಹೆಣ್ಣಾಗಲಿ, ಯಾವುದೋ ಒಂದು ಕಾಲದಲ್ಲಿ ಇದು ಬಂದು ಹೋಗಿರುತ್ತದೆ. ನೆಗಡಿಯ ಹಾಗೆ ಅಂದರೆ ಸ್ವಲ್ಪ ಜಾಸ್ತಿ ಆಯಿತೇನೋ. ಆದರೂ ಹತ್ತಿರದ ಹೋಲಿಕೆ ಅದೇ.

ಲೈಂಗಿಕ ಬದುಕಿಗೂ ಈ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಮೊದಲು ಮೂಸಿ ನೋಡಿದ್ದು ಇಟಲಿಯ ವೆರೋನಾ ಊರಿನ ರಿಗೋನಿ ಸ್ಟರ್ನ್ ಅನ್ನುವ ವೈದ್ಯ. 1842ರಲ್ಲಿ ಆತ ಊರಿನ ಹಳೇ ಸಾವಿನ ದಾಖಲೆಗಳನ್ನು ಕೂತು ಎಣಿಸಿದ. ಗರ್ಭಕೋಶದ ಕ್ಯಾನ್ಸರ್ ಮದುವೆಯಾದ ಹೆಂಗಸರಲ್ಲಿ ಹೆಚ್ಚು, ಮಠದ ಸನ್ಯಾಸಿನಿಯರಲ್ಲಿ ತೀರ ಕಡಿಮೆ ಇತ್ತು. ಯಾಕೆ ಅಂತ ಗೊತ್ತಾಗಲು ಇನ್ನೂ ನೂರನಲವತ್ತು ವರ್ಷ ಹಿಡಿಯಿತು. 1983ರಲ್ಲಿ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ತಂಡ ಕ್ಯಾನ್ಸರ್ ಗಡ್ಡೆಯೊಳಗೆ 16ನೇ ನಂಬರಿನ ವೈರಸ್ಸನ್ನು ಕಂಡಿತು, ಮರುವರ್ಷ 18ನೇದನ್ನು. 2008ರಲ್ಲಿ ಅವರಿಗೆ ನೊಬೆಲ್ ಬಂತು. ನನಗೆ ಇಲ್ಲಿ ಇಷ್ಟವಾಗುವುದು ವೆರೋನಾದ ಆ ದಾಖಲೆ. ಅದು ದಾರಿ ತಪ್ಪಿದವರ ಪಟ್ಟಿ ಅಲ್ಲ. ಅದರಲ್ಲಿದ್ದದ್ದು ಗೃಹಿಣಿಯರು.

ಚೀಟಿ ಹೇಳದ ಮಾತು

ಲೆಕ್ಕ ಕೇಳಿ ಚಿಕ್ಕವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಮದ್ವೆಗ್ ಮುಂಚೆ ನಿಮ್ ಚಿಕ್ಕಪ್ಪ ಎಲ್ಡ್ ವರ್ಷ ಬೆಂಗ್ಳೂರಲ್ಲಿದ್ರು." ಅಷ್ಟೇ ಅಂದಳು. ನಾನೂ ಮುಂದಕ್ಕೆ ಕೇಳಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪಾಸಿಟಿವ್ ಅಂತ ಬಂದರೆ ಯಾರಿಂದ ಬಂತು, ಯಾವಾಗ ಬಂತು ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಹೋದ ತಿಂಗಳು ಬಂದಿರಬಹುದು. ಇಪ್ಪತ್ತು ವರ್ಷದ ಹಿಂದೆ ಬಂದು, ಪರೀಕ್ಷೆಗೂ ಸಿಗದಷ್ಟು ತೆಪ್ಪಗೆ ಮಲಗಿದ್ದು, ಈಗ ತಲೆ ಎತ್ತಿರಬಹುದು. ಗಂಡಸರಿಗಂತೂ ಇದನ್ನು ಪತ್ತೆ ಮಾಡುವ ಮಾಮೂಲಿ ಪರೀಕ್ಷೆಯೇ ಇಲ್ಲ. ಹಾಗಾಗಿ ಆ ಚೀಟಿ ಹಿಡಿದು ಹೆಂಡತಿಯ ಮೇಲೆ ಗಂಡ, ಗಂಡನ ಮೇಲೆ ಹೆಂಡತಿ ಪಂಚಾಯ್ತಿ ಸೇರಿಸಿದರೆ ಸಾಕ್ಷಿ ಅಂತ ಏನೂ ಸಿಗುವುದಿಲ್ಲ. ಸುಮ್ನೆ ಸಂಸಾರ ಕೆಡುತ್ತೆ.

ವಯಸ್ಸಿನ ವಿಷಯ

ಪಟ್ಟಿಯಲ್ಲಿ ಎರಡನೇದಾಗಿ ಬರುವುದು ತೀರ ಚಿಕ್ಕ ವಯಸ್ಸಿಗೆ ಲೈಂಗಿಕ ಬದುಕು ಶುರುವಾಗುವುದು. ಇದನ್ನೂ ನಾವು ಕಾಲೇಜು ಹುಡುಗ ಹುಡುಗಿಯರ ಕಡೆಗೆ ಬೆರಳು ತೋರಿಸಿ ಓದುತ್ತೇವೆ. ಆದರೆ ನಮ್ಮ ಕಡೆ ಚಿಕ್ಕ ವಯಸ್ಸಿಗೆ ಶುರುವಾಗುವುದು ಹೆಚ್ಚಾಗಿ ತಾಳಿ ಕಟ್ಟಿದ ಮೇಲೇ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ಸುಮಾರು ಐದಕ್ಕೆ ಒಬ್ಬರಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಚಿಕ್ಕವ್ವನಿಗೆ ಆದದ್ದು ಹದಿನಾರಕ್ಕೆ.

ವಯಸ್ಸಿಗೂ ವೈರಸ್ಸಿಗೂ ಏನು ಸಂಬಂಧ? ಗರ್ಭಕೋಶದ ಬಾಯಿಯ ಹೊರಗಡೆ ಗಟ್ಟಿಯಾದ, ಪದರ ಪದರವಾದ ಚರ್ಮ ಇರುತ್ತದೆ. ಒಳಗಡೆ ಒಂದೇ ಪದರದ ಮೆತ್ತನೆಯ ಪೊರೆ. ಎರಡೂ ಸೇರುವ ಅಂಚು ಹರೆಯದಲ್ಲಿ ಹೊರಗಡೆಗೇ ತೆರೆದುಕೊಂಡಿರುತ್ತದೆ. ಮೆತ್ತನೆಯದು ಬಲಿತು ಗಟ್ಟಿಯದಾಗುವ ಕೆಲಸ ಆಗ ಜೋರಾಗಿ ನಡೆಯುತ್ತಿರುತ್ತದೆ. ಹಳೇ ಮೈಸೂರಿನ ಮನೆಗಳ ಗಾರೆ ನೆಲ ನೋಡಿರುತ್ತೀರಿ. ಒಣಗಿದ ಮೇಲೆ ಕುಟ್ಟಿದರೂ ಗುರುತು ಬೀಳುವುದಿಲ್ಲ. ಹಸಿ ಇದ್ದಾಗ ಬೆಕ್ಕು ನಡೆದರೂ ಹೆಜ್ಜೆ ಮೂಡುತ್ತದೆ. ಆ ಅಂಚು ಹರೆಯದಲ್ಲಿ ಹಸಿ ಗಾರೆ. ವೈರಸ್ಸಿಗೆ ಕೂರಲು ಸುಲಭ, ಕೂತದ್ದು ಕೆಡಿಸಲೂ ಸುಲಭ. ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಹುಟ್ಟುವುದೂ ಆ ಅಂಚಿನಲ್ಲೇ.

ಕಾಂಡೋಮ್ ಎಷ್ಟು ಕಾಯುತ್ತೆ?

ಪೂರ್ತಿ ಅಲ್ಲ, ಆದರೆ ಚೆನ್ನಾಗಿಯೇ. ಕಾಂಡೋಮ್ ಮುಚ್ಚುವ ಜಾಗ ಇಷ್ಟು, ವೈರಸ್ ಇರಬಹುದಾದ ಚರ್ಮ ಅದಕ್ಕಿಂತ ಜಾಸ್ತಿ. ಅದಕ್ಕೇ ಎಚ್‌ಐವಿಗೆ ಸಿಗುವಷ್ಟು ರಕ್ಷಣೆ ಇಲ್ಲಿ ಸಿಗುವುದಿಲ್ಲ. ಹಾಗಂತ 'ಹಾಕಿದರೂ ಅಷ್ಟೆ, ಬಿಟ್ಟರೂ ಅಷ್ಟೆ' ಅನ್ನೋದು ತಪ್ಪು. ಅದೇ ವಾಷಿಂಗ್ಟನ್ ವಿಶ್ವವಿದ್ಯಾಲಯದವರ 2006ರ ಅಧ್ಯಯನದಲ್ಲಿ, ಪ್ರತಿ ಸಲವೂ ಕಾಂಡೋಮ್ ಬಳಸಿದವರಲ್ಲಿ, ಬಳಸಿದ್ದೇ ಅಪರೂಪ ಅನ್ನುವವರಿಗಿಂತ ಸೋಂಕು ನೂರಕ್ಕೆ 70ರಷ್ಟು ಕಡಿಮೆ ಇತ್ತು.

ನಮ್ಮ ಕಡೆ ಇದರಲ್ಲಿ ಒಂದು ತೊಡಕಿದೆ. ಇಲ್ಲಿ ಕಾಂಡೋಮ್ ಅಂದರೆ ಮಕ್ಕಳಾಗದ ಹಾಗೆ ನೋಡಿಕೊಳ್ಳುವ ವಸ್ತು. ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡಿರುತ್ತಾರೆ. ಎರಡು ಮಕ್ಕಳಾಯಿತು, ಆಪರೇಷನ್ ಆಯಿತು, ಇನ್ನು ಯಾಕೆ? ಮನೆಯಲ್ಲಿ ಆ ಮಾತು ಎತ್ತಿದರೆ ಅನುಮಾನ ಶುರು. ಮೈಸೂರಿನಲ್ಲಿ ಲೈಂಗಿಕ ಕಾರ್ಯಕರ್ತರೇ ಕಟ್ಟಿ ನಡೆಸುತ್ತಿರುವ ಆಶೋದಯ ಸಮಿತಿ ಇದೆ. ಎಚ್‌ಐವಿ ತಡೆಯಲು ಅಲ್ಲಿನವರು ಮಾಡಿದ ಕೆಲಸ ಹೊರದೇಶದವರೂ ಬಂದು ನೋಡುವಂಥದ್ದು. ಕಾಂಡೋಮ್ ಹಾಕದಿದ್ದರೆ ಆಗಲ್ಲ ಅಂತ ಗಂಡಸಿನ ಮುಖಕ್ಕೆ ಹೇಳಲು ಅವರು ಕಲಿತರು. ನನ್ನ ಚಿಕ್ಕವ್ವನಂಥವರಿಗೆ ಆ ಮಾತು ಇವತ್ತಿಗೂ ಬಾಯಿಗೆ ಬರುವುದಿಲ್ಲ. 'ಆ ತರದೋರು' ಅಂತ ನಾವು ಯಾರನ್ನು ಅಂತೀವೋ ಅವರ ಕೈಲಿರುವ ರಕ್ಷಣೆ ಗೃಹಿಣಿಯರ ಕೈಲಿಲ್ಲ.

ಗಂಡಸರ ಮುಂದೊಗಲಿನ ಮಾತೂ ಈ ಪಟ್ಟಿಯಲ್ಲಿ ಬರುತ್ತದೆ. ಸುನ್ನತಿ ಆದವರಲ್ಲಿ ಎಚ್‌ಪಿವಿ ಸ್ವಲ್ಪ ಕಡಿಮೆ ಅಂತ ಆಫ್ರಿಕಾದ ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಸ್ವಲ್ಪ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. ಇದನ್ನು ಹಿಡಿದು ಜಾತಿ ಧರ್ಮದ ಲೆಕ್ಕ ಮಾಡುವವರಿಗೆ ನನ್ನ ಹತ್ತಿರ ಹೇಳುವುದು ಏನೂ ಇಲ್ಲ.

ತಗಲುವುದು ಬೇರೆ, ತಂಗುವುದು ಬೇರೆ

ಇದು ಎಲ್ಲರೂ ಕಲಸಿಬಿಡುವ ಜಾಗ. ಮೇಲೆ ಹೇಳಿದ್ದೆಲ್ಲ ವೈರಸ್ ಮೈಗೆ ಬರುವ ಅಪಾಯ. ಬಂದದ್ದು ಅಲ್ಲೇ ಉಳಿಯುವ ಅಪಾಯ ಬೇರೆ. ಕ್ಯಾನ್ಸರಿನ ಪ್ರಶ್ನೆಯಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುವುದು ಎರಡನೇದು.

ನನ್ನ ನರಹುಲಿಯನ್ನು ನೆನಪಿಸಿಕೊಳ್ಳಿ. ಗುಪ್ತಾಂಗದ ಎಚ್‌ಪಿವಿಯೂ ಹಾಗೇ. ಹತ್ತರಲ್ಲಿ ಸುಮಾರು ಒಂಬತ್ತು ಸಲ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ, ಅಥವಾ ಪರೀಕ್ಷೆಗೆ ಸಿಗದ ಹಾಗೆ ತಣ್ಣಗಾಗುತ್ತದೆ. ಮಾತ್ರೆ ಬೇಡ, ಮುಲಾಮು ಬೇಡ. ವೈರಸ್ಸನ್ನೇ ಓಡಿಸುವ ಔಷಧಿ ಅಂತ ಇಲ್ಲವೂ ಇಲ್ಲ. ಯಾರಾದರೂ ಮಾರುತ್ತಿದ್ದರೆ ಅದು ನಮ್ಮಜ್ಜಿಯ ಬೆಲ್ಲದ ಥರ, ಬೆಲೆ ಮಾತ್ರ ಜಾಸ್ತಿ.

ಉಳಿದ ಒಂದು ಪಾಲಿನ ಕಡೆ ನೋಡಬೇಕು. ಕೆಟ್ಟ ನಂಬರಿನ ವೈರಸ್ ವರ್ಷಗಟ್ಟಲೆ ಕೂತರೆ ಕಣದೊಳಗಿನ ಎರಡು ಬ್ರೇಕುಗಳನ್ನು ಕಿತ್ತುಹಾಕುತ್ತದೆ. ಸಾಕು, ಇನ್ನು ಬೆಳೆಯಬೇಡ ಅಂತ ಹೇಳುವ ಬ್ರೇಕುಗಳು ಅವು. ಬ್ರೇಕಿಲ್ಲದ ಕಣ ಮೊದಲು ಸ್ವಲ್ಪ ಕೆಡುತ್ತದೆ, ಆಮೇಲೆ ಇನ್ನಷ್ಟು. ಅಲ್ಲಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ. ನಿಧಾನದ ಕಾಯಿಲೆ. ಹಿಡಿಯಲು ಅಷ್ಟು ವರ್ಷ ಟೈಮ್ ಕೊಡುವ ಕ್ಯಾನ್ಸರ್ ಇನ್ಯಾವುದಿದೆ?

ಯಾರ ಮೈಯಲ್ಲಿ ಇದು ತಂಗುತ್ತದೆ? ಮೈಯ ಕಾವಲು ಸಡಿಲ ಆದವರಲ್ಲಿ. ಎಚ್‌ಐವಿ ಇರುವ ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬರುವ ಸಾಧ್ಯತೆ ಉಳಿದವರಿಗಿಂತ ಆರು ಪಟ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವವರೂ ಈ ಸಾಲಿನಲ್ಲಿದ್ದಾರೆ. ಇಂಥವರಲ್ಲಿ ಆ ಇಪ್ಪತ್ತು ವರ್ಷದ ದಾರಿ ಐದು ಹತ್ತು ವರ್ಷಕ್ಕೆ ಕುಗ್ಗಬಹುದು.

ಬೀಡಿ ಸಿಗರೇಟು ಸೇದುವುದೂ ಸೇರುತ್ತದೆ. ಹೊಗೆಗೂ ಗರ್ಭಕೋಶಕ್ಕೂ ಎಲ್ಲಿಂದೆಲ್ಲಿಗೆ ಅನಿಸಬಹುದು. ಹೊಗೆಯ ವಿಷ ರಕ್ತದಲ್ಲಿ ಸೇರಿ ಗರ್ಭಕೋಶದ ಬಾಯಿಯ ಲೋಳೆಯಲ್ಲೂ ಸಿಗುತ್ತದೆ, ಅಲ್ಲಿನ ಕಾವಲನ್ನು ಕುಂದಿಸುತ್ತದೆ. ಕ್ಲಮೈಡಿಯಾದಂಥ ಬೇರೆ ಲೈಂಗಿಕ ಸೋಂಕು ಜೊತೆಗಿದ್ದರೆ, ಹೆರಿಗೆಗಳು ಹೆಚ್ಚಾಗಿದ್ದರೆ, ಗರ್ಭನಿರೋಧಕ ಮಾತ್ರೆಯನ್ನು ಐದು ವರ್ಷಕ್ಕಿಂತ ಹೆಚ್ಚು ಕಾಲ ನುಂಗಿದ್ದರೆ ಅಪಾಯ ಸ್ವಲ್ಪ ಏರುತ್ತದೆ. ಮಾತ್ರೆ ನಿಲ್ಲಿಸಿದ ಮೇಲೆ ಅದು ಇಳಿಯುತ್ತದೆ. ಈ ಒಂದೇ ಕಾರಣಕ್ಕೆ ಹೆದರಿ ಯಾರೂ ಮಾತ್ರೆ ಬಿಡುವುದು ಬೇಡ, ಡಾಕ್ಟರ ಹತ್ತಿರ ಮಾತಾಡಿ.

ನನ್ನನ್ನು ಕೇಳಿದರೆ ನಮ್ಮ ಜಿಲ್ಲೆಗಳಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಈ ಯಾವುದೂ ಅಲ್ಲ. ನೋಡಿಸಿಕೊಳ್ಳದೇ ಇರುವುದು. ಅದೇ ರಾಷ್ಟ್ರೀಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಭಾರತದ ಹೆಂಗಸರಲ್ಲಿ ಒಂದು ಸಲವಾದರೂ ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತಿದೆ. ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದಾರೆ. ಇಪ್ಪತ್ತು ವರ್ಷ ಟೈಮ್ ಕೊಡುವ ಕಾಯಿಲೆಗೆ ಇಷ್ಟು ಸಾವು.

ಏನು ಮಾಡಬಹುದು

ಪರೀಕ್ಷೆ ಮೂರು ಥರ ಇವೆ. ಒಂದು, ವಿನೆಗರ್‌ನಲ್ಲಿರುವ ಆಮ್ಲವನ್ನೇ ತೆಳುವಾಗಿ ಗರ್ಭಕೋಶದ ಬಾಯಿಗೆ ಸವರಿ ಒಂದು ನಿಮಿಷ ಕಾದು ನೋಡುವುದು. ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕು ಅಂತ ಇರುವುದು ಇದೇ. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು ಇಷ್ಟನ್ನೇ ಮಾಡಿ ಈ ಕ್ಯಾನ್ಸರಿನ ಸಾವನ್ನು ನೂರಕ್ಕೆ 31ರಷ್ಟು ಇಳಿಸಿ ತೋರಿಸಿದರು. ಎರಡು, ಕಣಗಳನ್ನು ಕೆರೆದು ಗಾಜಿನ ಮೇಲೆ ಇಟ್ಟು ನೋಡುವ ಪ್ಯಾಪ್ ಪರೀಕ್ಷೆ. ಮೂರು, ವೈರಸ್ಸಿನ ಡಿಎನ್‌ಎ ಇದೆಯಾ ಅಂತ ಹುಡುಕುವುದು. ಚಿಕ್ಕವ್ವನಿಗೆ ಮಾಡಿದ್ದು ಮೂರನೇದು. ವಿಶ್ವ ಆರೋಗ್ಯ ಸಂಸ್ಥೆ ಈಗ ಇದನ್ನೇ ಮುಂದೆ ಮಾಡುತ್ತಿದೆ. ಬೇಕಾದರೆ ಹೆಂಗಸರೇ ಮರೆಯಲ್ಲಿ ಹತ್ತಿಕಡ್ಡಿಯಲ್ಲಿ ತೆಗೆದುಕೊಡಬಹುದು. ನಾಚಿಕೆಯಿಂದಲೇ ಪರೀಕ್ಷೆ ತಪ್ಪಿಸುವ ನಮ್ಮಂಥ ಊರುಗಳಿಗೆ ಇದು ದೊಡ್ಡ ಅನುಕೂಲ.

ಲಸಿಕೆ ವೈರಸ್ಸಿನ ಖಾಲಿ ಸಿಪ್ಪೆಯಿಂದ ಮಾಡಿದ್ದು. ಒಳಗೆ ತಿರುಳಿಲ್ಲ, ಹಾಗಾಗಿ ಸೋಂಕು ತರಲು ಸಾಧ್ಯವೇ ಇಲ್ಲ. ಪುಣೆಯ ಸೀರಂ ಸಂಸ್ಥೆ ಮಾಡಿದ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಅದು 6, 11, 16, 18 ನಾಲ್ಕನ್ನೂ ತಡೆಯುತ್ತದೆ. ಹಾಕಿಸಲು ಒಳ್ಳೇ ವಯಸ್ಸು 9ರಿಂದ 14. ವೈರಸ್ ಎದುರಾಗುವ ಮೊದಲೇ ಹಾಕಬೇಕು, ಆಮೇಲೆ ಹಾಕಿದರೆ ಆಗಲೇ ಕೂತದ್ದನ್ನು ಅದು ಎಬ್ಬಿಸುವುದಿಲ್ಲ. 'ಒಂಬತ್ತು ವರ್ಷದ ಮಗುವಿಗೆ ಈಗಲೇ ಯಾಕೆ ಅಂಥ ಲಸಿಕೆ' ಅಂತ ತಾಯಂದಿರು ಮುಖ ಸಿಂಡರಿಸುವುದನ್ನು ನಾನೇ ನೋಡಿದ್ದೇನೆ. ಬಿತ್ತನೆಗೆ ಮುಂಚೆ ಗದ್ದೆ ಹಸನು ಮಾಡುತ್ತೀವಲ್ಲ, ಅದಕ್ಕೇ. ಗಂಡುಮಕ್ಕಳಿಗೂ ಹಾಕಬಹುದು. ಸರ್ಕಾರದ ಕಡೆಯಿಂದ ಹೆಣ್ಣುಮಕ್ಕಳಿಗೆ ಏನು ಸಿಗುತ್ತದೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಲಸಿಕೆ ಹಾಕಿಸಿಕೊಂಡವರೂ ಮೂವತ್ತು ದಾಟಿದ ಮೇಲೆ ಪರೀಕ್ಷೆ ಬಿಡುವ ಹಾಗಿಲ್ಲ.

ಸೇರಿದ ಮೇಲೆ ರಕ್ತ ಕಾಣಿಸಿದರೆ, ಎರಡು ಮುಟ್ಟಿನ ನಡುವೆ ರಕ್ತ ಹೋದರೆ, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಬಂದರೆ, ವಾಸನೆಯ ಸ್ರಾವ ಇದ್ದರೆ ಶಿಬಿರಕ್ಕೆ ಕಾಯಬೇಡಿ. ಮೈಸೂರಿನ ಚೆಲುವಾಂಬ, ಮಂಡ್ಯದ ಮಿಮ್ಸ್, ಎಲ್ಲಿ ಹತ್ತಿರವೋ ಅಲ್ಲಿಗೆ ಹೋಗಿ.

ಚಿಕ್ಕವ್ವನನ್ನು ನಾನೇ ಕರೆದುಕೊಂಡು ಹೋದೆ. ಉದ್ದದ ಸಾಲು. ಒಳಗೆ ಹೋಗಿ ಹತ್ತು ನಿಮಿಷದಲ್ಲಿ ಬಂದಳು. ಆಮ್ಲ ಸವರಿ, ದುರ್ಬೀನಿನಂಥದ್ದರಲ್ಲಿ ನೋಡಿದರಂತೆ. ಬೆಳ್ಳಗೆ ಏನೂ ಕಾಣಲಿಲ್ಲ. ವೈರಸ್ ಇದೆ, ಕೆಡುಕು ಮಾಡಿಲ್ಲ, ಒಂದು ವರ್ಷ ಬಿಟ್ಟು ಬನ್ನಿ ಅಂದರಂತೆ. "ಔಷ್ದಿನೇ ಕೊಡ್ಲಿಲ್ಲ ಕಣವ್ವ" ಅಂತ ಅವಳಿಗೆ ಬೇಜಾರು.

ಊರಿಗೆ ಹೋದ ಮೇಲೆ ಒಂದು ದಿನ ಅವಳ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಹಾಲಿನ ಲೆಕ್ಕ, ಚೀಟಿ ದುಡ್ಡಿನ ಲೆಕ್ಕ ಎಲ್ಲ ಅದರ ಮೇಲೇ. ಮುಂದಿನ ವರ್ಷದ್ದು ಇನ್ನೂ ಬಂದಿರಲಿಲ್ಲ. ಅದಕ್ಕೆ ಡಿಸೆಂಬರ್ ಹಾಳೆಯ ಕೆಳಗಿನ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ 'ಮಾರ್ಚಿ, ಮೈಸೂರು' ಅಂತ ಬರೆದಿಟ್ಟಿದ್ದಳು. ಚಿಕ್ಕಪ್ಪ ನೋಡಿ ಏನದು ಅಂತ ಕೇಳಿದರಂತೆ. ಅಕ್ಕನ ಮಗಳ ಮನೆ ಅಂದಳಂತೆ. ಮೊಮ್ಮಗಳಿಗೆ ಎಷ್ಟು ವರ್ಷ ಆಯಿತು ಅಂತ ನಾನು ಕೇಳಿದೆ. "ಯುಗಾದಿಗ್ ಒಂಬತ್ತು ತುಂಬ್ತದೆ, ಅವಳ್ನೂ ಕರ್ಕಬತ್ತೀನಿ ಇರು" ಅಂತ ಹೇಳಿ ಒಲೆಯ ಮೇಲಿನ ಎಸರು ನೋಡಲು ಒಳಗೆ ಹೋದಳು.